ಸೊಂಟದ ಕೀಲು ಒಂದು ಹೇಳುತ್ತದೆ, ಹೊಟ್ಟೆ ಇನ್ನೊಂದು: ಎರಡೂ ತೊಂದರೆ ಇರುವವರು ಆರಿಸಿಕೊಳ್ಳುವುದು ಹೇಗೆ?

ಆಷಾಢದ ಮಳೆ ಹಿಡಿದರೆ ನಮ್ಮ ತೀರ್ಥಹಳ್ಳಿ ಕಡೆ ಎರಡು ದೂರು ಜೊತೆಯಾಗಿ ಕೇಳಿಬರುತ್ತವೆ. ಒಂದನ್ನು ಎಲ್ಲರೆದುರೂ ಹೇಳುತ್ತಾರೆ: ತೊಡೆಸಂದಿನಲ್ಲಿ ಹಿಡಿದುಕೊಂಡಿದೆ, ಕಾಲು ಎತ್ತಿಡಲು ಆಗುತ್ತಿಲ್ಲ. ಇನ್ನೊಂದನ್ನು ದನಿ ತಗ್ಗಿಸಿ ಹೇಳುತ್ತಾರೆ: ಮೂರು ದಿನ ಆಯ್ತು, ಹೊರಕಡೆ ಸರಿಯಾಗಿ ಆಗಿಲ್ಲ.

ನನಗೆ ಎರಡೂ ಇವೆ. ಬಲಗಡೆ ಸೊಂಟದ ಕೀಲು ಸವೆದಿದೆ ಎಂದು ಗೊತ್ತಾಗಿ ಏಳು ವರ್ಷವಾಯಿತು. ಮಲಬದ್ಧತೆ ಅದಕ್ಕಿಂತ ಹಳೆಯದು. ಈ ಏಳು ವರ್ಷದಲ್ಲಿ ನೆಂಟರು, ನೆರೆಯವರು, ಅಡಿಕೆ ಸುಲಿಯಲು ಬರುವ ಹೆಂಗಸರು ಎಷ್ಟೋ ಜನ ಕೇಳಿದ್ದಾರೆ. ಕಮೋಡ್ ಹಾಕಿಸಬೇಕಾ? ಇಸಬ್ಗೋಲ್ ಒಳ್ಳೆಯದಾ, ಸಿರಪ್ ಒಳ್ಳೆಯದಾ? ನೋವಿನ ಮಾತ್ರೆ ಯಾವುದು ತಗೊಳ್ಳಲಿ? ಮೊದಲು ಯಾವ ಡಾಕ್ಟರ ಹತ್ತಿರ ಹೋಗಲಿ?

ಒಂದೊಂದಕ್ಕೂ ಬೇರೆ ಬೇರೆ ಸಲಹೆ ಬೇಕಾದಷ್ಟು ಸಿಗುತ್ತದೆ. ಕಷ್ಟ ಇರುವುದು ಎರಡೂ ಒಂದೇ ಮೈಯಲ್ಲಿ ಇದ್ದಾಗ. ಹೊಟ್ಟೆಗೆ ಕುಕ್ಕರುಗಾಲು ಒಳ್ಳೆಯದು, ಸೊಂಟಕ್ಕೆ ಅದು ಆಗುವುದಿಲ್ಲ. ನೋವಿಗೆ ಜೋರಾದ ಮಾತ್ರೆ ಒಳ್ಳೆಯದು, ಅದು ಹೊಟ್ಟೆಯನ್ನು ಕಟ್ಟಿಬಿಡುತ್ತದೆ. ಹಾಗಾಗಿ ಪ್ರತಿ ಆಯ್ಕೆಯನ್ನೂ ಎರಡು ಕಡೆಯಿಂದ ನೋಡಬೇಕು.

ಮೊದಲು ನೋವು ಎಲ್ಲಿಯದು ಎಂದು ನೋಡಿ

ನಾವು ಸೊಂಟ ನೋವು ಎಂದರೆ ಬೆನ್ನಿನ ಕೆಳಗೆ ಕೈಯಿಡುತ್ತೇವೆ. ಆದರೆ ಸೊಂಟದ ಕೀಲಿನ ನೋವು ಹೆಚ್ಚಾಗಿ ಮುಂದೆ, ತೊಡೆಸಂದಿನಲ್ಲೇ ಬರುತ್ತದೆ. ಕೆಲವರಿಗೆ ಮಂಡಿಯವರೆಗೂ ಇಳಿಯುತ್ತದೆ. ನನಗೂ ಮೊದಲ ಒಂದು ವರ್ಷ ಮಂಡಿಗೇ ಎಣ್ಣೆ ತಿಕ್ಕಿದ್ದಾಯಿತು. ಚಕ್ಕಳಮಕ್ಕಳ ಹಾಕುವಾಗ, ಪ್ಯಾಂಟಿಗೆ ಕಾಲು ತೂರಿಸುವಾಗ, ಸ್ಕೂಟರಿಗೆ ಕಾಲು ಹಾಕುವಾಗ, ಕಾಲನ್ನು ಒಳಕ್ಕೆ ತಿರುಗಿಸಿದಾಗ ಚುಚ್ಚಿದರೆ ಕೀಲಿನ ಮೇಲೆ ಅನುಮಾನ ಜಾಸ್ತಿ.

ಕೆಮ್ಮಿದಾಗ, ತಿಣುಕಿದಾಗ ತೊಡೆಸಂದಿನಲ್ಲಿ ಉಬ್ಬು ಬಂದು, ಮಲಗಿದರೆ ಒಳಗೆ ಹೋಗುತ್ತದೆಯೇ? ಅದು ಹರ್ನಿಯಾ ಇರಬಹುದು. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುವ ನೋವು ಕಿಡ್ನಿಯ ಕಡೆಯದು, ಕಲ್ಲು ಇರಬಹುದು. ಹೊರಕಡೆ ಆದ ಮೇಲೆ ನೋವೂ ಹಗುರಾಗುತ್ತದೆ, ಇಲ್ಲವೇ ಎಷ್ಟು ತಿಣುಕಿದರೂ ಬಾಗಿಲಲ್ಲೇ ನಿಂತಂತೆ ಆಗುತ್ತದೆ ಎಂದಾದರೆ ಕೆಳಹೊಟ್ಟೆಯ ತಳದ ಸ್ನಾಯುಗಳ ಬಿಗಿತ ಇರಬಹುದು. ಸೊಂಟದ ಕೀಲನ್ನು ತಿರುಗಿಸುವ ಒಂದು ಸ್ನಾಯು ಆ ತಳದ ಗೋಡೆಗೇ ಅಂಟಿಕೊಂಡಿರುತ್ತದೆ. ಅಲ್ಲಿ ಬಿಗಿತ ಬಂದರೆ ಎರಡು ತೊಂದರೆಗೂ ಒಂದೇ ಬೇರು. ಹೆಂಗಸರಲ್ಲಿ ತಿಂಗಳ ಮುಟ್ಟಿನ ಜೊತೆ ಎರಡೂ ಏರಿ ಇಳಿಯುತ್ತಿದ್ದರೆ ಸ್ತ್ರೀರೋಗ ವೈದ್ಯರಿಗೆ ಅದನ್ನು ತಪ್ಪದೆ ಹೇಳಬೇಕು.

ನಮ್ಮ ಶಿವಮೊಗ್ಗ ಜಿಲ್ಲೆಯವರು ಇನ್ನೊಂದನ್ನು ಮರೆಯಬಾರದು. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಲ್ಲೇ ಒಂದು ಕೀಲುರೋಗ ಇದೆ. 1970ರ ದಶಕದಲ್ಲಿ ಬೆಳಕಿಗೆ ಬಂತು. ಸೊಂಟ ಮತ್ತು ಮಂಡಿಯ ಕೀಲುಗಳನ್ನು ಚಿಕ್ಕ ವಯಸ್ಸಿನಲ್ಲೇ ಹಾಳು ಮಾಡುತ್ತದೆ. ಗದ್ದೆಗೆ ಹೊಡೆದ ಔಷಧಿ, ಅಲ್ಲಿನ ಏಡಿ ತಿಂದದ್ದು ಕಾರಣ ಎಂದು ಮೊದಮೊದಲು ಅನುಮಾನವಿತ್ತು. ವಂಶದಲ್ಲಿ ಇಳಿದು ಬರುವ ತೊಂದರೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಮನೆತನದಲ್ಲಿ ಹಲವರಿಗೆ ಎಳೆಯ ವಯಸ್ಸಿನಲ್ಲೇ ಸೊಂಟ ಹಿಡಿದಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಕೆಲವು ಲಕ್ಷಣ ಕಂಡರೆ ಈ ಬರಹವನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಬೇಕು. ತೊಡೆಸಂದಿನ ಉಬ್ಬು ಗಟ್ಟಿಯಾಗಿ, ನೋಯುತ್ತಾ, ಒಳಗೆ ಹೋಗದೆ ಇರುವುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿರುವುದು. ಬಿದ್ದ ಮೇಲೆ ಕಾಲೂರಲು ಆಗದಿರುವುದು. ಜ್ವರದ ಜೊತೆ ಕೀಲು ಅಲ್ಲಾಡಿಸಲಾಗದಷ್ಟು ನೋವು. ಕುಳಿತರೆ ನೆಲಕ್ಕೆ ತಾಗುವ ಜಾಗ ಮರಗಟ್ಟುವುದು, ಮೂತ್ರ ಹಿಡಿತ ತಪ್ಪುವುದು ಇಲ್ಲವೇ ಕಟ್ಟಿಕೊಳ್ಳುವುದು. ಇವುಗಳಲ್ಲಿ ಯಾವುದಾದರೂ ರಾತ್ರಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವಕ್ಕೆ ರಾತ್ರೋರಾತ್ರಿ ಓಡಬೇಕಾಗಿಲ್ಲ. ಆದರೆ ಆ ವಾರದಲ್ಲೇ ತೋರಿಸಬೇಕು.

ಯಾವ ಅಳತೆಯಲ್ಲಿ ತೂಗಬೇಕು

ನಾನು ಪ್ರತಿ ಆಯ್ಕೆಗೂ ಐದು ಪ್ರಶ್ನೆ ಹಾಕುತ್ತೇನೆ. ಇದು ಸೊಂಟಕ್ಕೆ ಏನು ಮಾಡುತ್ತದೆ? ಹೊಟ್ಟೆಗೆ ಏನು ಮಾಡುತ್ತದೆ? ದಿನಾ ಮಾಡಬಹುದಾ, ಅಥವಾ ಅಪರೂಪಕ್ಕೆ ಮಾತ್ರವಾ? ದುಡ್ಡು ಎಷ್ಟು, ಓಡಾಟ ಎಷ್ಟು? ಕೊನೆಯದು ನಮ್ಮ ಕಡೆಯವರಿಗೆ ತುಂಬಾ ಮುಖ್ಯ: ಮಳೆಗಾಲದ ರಾತ್ರಿಯಲ್ಲೂ ಇದು ನಡೆಯುತ್ತದಾ?

ಯಾಕೆ ಹೀಗೆ ಕೇಳುತ್ತೇನೆ ಎಂದರೆ ಹಳೆಯ ಮನೆಗಳಲ್ಲಿ ಕಕ್ಕಸು ಇನ್ನೂ ಹಿತ್ತಿಲಲ್ಲೇ ಇದೆ. ಜುಲೈ ತಿಂಗಳಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಕುಂಟುವ ಕಾಲಲ್ಲಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೊಡೆ ಹಿಡಿದು ಅವಸರದಲ್ಲಿ ಹೋಗುವುದು ಎಂದರೆ ಮೂಳೆ ಮುರಿದುಕೊಳ್ಳಲು ಹೊರಟಂತೆ. ಅದಕ್ಕೇ ಹೆದರಿ ಎಷ್ಟೋ ಹೆಂಗಸರು ರಾತ್ರಿ ಬಂದ ಒತ್ತಡವನ್ನು ತಡೆದುಕೊಳ್ಳುತ್ತಾರೆ, ಸಂಜೆಯ ಮೇಲೆ ನೀರೇ ಕುಡಿಯುವುದಿಲ್ಲ. ಮಲಬದ್ಧತೆ ಅರ್ಧ ಬೆಳೆಯುವುದೇ ಹೀಗೆ.

ಕೂರುವ ಜಾಗ: ಇಂಡಿಯನ್ನಾ, ಕಮೋಡಾ, ನಡುವಿನದ್ದಾ?

ಎಲ್ಲಕ್ಕಿಂತ ಮೊದಲು ಇದನ್ನೇ ಸರಿಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ಮಾತ್ರೆ ಬದಲಿಸುವುದಕ್ಕಿಂತ ನನಗೆ ಹೆಚ್ಚು ಗುಣ ಕೊಟ್ಟದ್ದು ಇದು.

ಕುಕ್ಕರುಗಾಲಲ್ಲಿ ಕೂತಾಗ ಕರುಳಿನ ಕೊನೆಯ ತಿರುವನ್ನು ಹಿಡಿದಿರುವ ಸ್ನಾಯು ಸಡಿಲವಾಗುತ್ತದೆ, ದಾರಿ ನೇರವಾಗುತ್ತದೆ. ಹೊಟ್ಟೆಯ ದೃಷ್ಟಿಯಿಂದ ಇಂಡಿಯನ್ ಕಕ್ಕಸಿಗೆ ಸಾಟಿಯಿಲ್ಲ. ಆದರೆ ಸವೆದ ಕೀಲನ್ನು ಅಷ್ಟು ಮಡಚಿದರೆ ತೊಡೆಸಂದಿನಲ್ಲಿ ಮೂಳೆಗೆ ಮೂಳೆ ಒತ್ತುತ್ತದೆ. ನೋವಾದಾಗ ತಳದ ಸ್ನಾಯುಗಳೂ ಬಿಗಿಯಾಗುತ್ತವೆ. ಬಿಗಿಯಾದ ಬಾಗಿಲಿನಿಂದ ಏನೂ ಹೊರಬರುವುದಿಲ್ಲ. ಅಂದರೆ ನೋವಿನಲ್ಲಿ ಕುಕ್ಕರುಗಾಲು ಹಾಕಿದರೆ ಅದರ ಲಾಭವೂ ಸಿಗುವುದಿಲ್ಲ. ಏಳುವಾಗಿನ ಪಾಡು ಬೇರೆ.

ನೋವು ಅಪರೂಪಕ್ಕೆ, ಒಂದೇ ಬದಿಗೆ ಇದ್ದು, ಕೂತು ಏಳಲು ಆಗುತ್ತಿದ್ದರೆ ಇಂಡಿಯನ್ ಕಕ್ಕಸನ್ನೇ ಇಟ್ಟುಕೊಂಡು ಪಕ್ಕದ ಗೋಡೆಗೆ ಗಟ್ಟಿಯಾದ ಕಬ್ಬಿಣದ ಹಿಡಿ ಹಾಕಿಸಿ. ಟವೆಲ್ ಹಾಕುವ ಕೋಲು, ನಲ್ಲಿ, ಬಕೆಟ್ಟಿನ ಅಂಚು ಹಿಡಿಯಲ್ಲ. ಅವು ಕಿತ್ತು ಬರುತ್ತವೆ.

ಕೂತರೆ ಏಳಲಾಗದವರಿಗೆ ಕಡಿಮೆ ಖರ್ಚಿನ ದಾರಿ ಎಂದರೆ ನಡುವೆ ತೂತಿರುವ ಸ್ಟೂಲು. ಇಂಡಿಯನ್ ಕಕ್ಕಸಿನ ಮೇಲೆ ಇಟ್ಟುಕೊಳ್ಳುವುದು. ಕಮೋಡ್ ಸ್ಟೂಲ್ ಎಂದು ಕೇಳಿದರೆ ಆಸ್ಪತ್ರೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಗಾರೆ ಕೆಲಸ ಬೇಡ, ಮನೆಯ ಉಳಿದವರು ತೆಗೆದಿಟ್ಟು ಮಾಮೂಲಿನಂತೆ ಬಳಸಬಹುದು. ತೊಂದರೆ ಏನೆಂದರೆ ಹಗುರವಾದ ಪ್ಲಾಸ್ಟಿಕ್ ಸ್ಟೂಲು ಒದ್ದೆ ನೆಲದ ಮೇಲೆ ಸರಿಯುತ್ತದೆ. ಕಾಲಿನ ತುದಿಗೆ ರಬ್ಬರ್ ಇರುವ, ಕೈಹಿಡಿ ಇರುವ ಕಬ್ಬಿಣದ್ದನ್ನೇ ನೋಡಿ. ಅಂಗಡಿಯಲ್ಲೇ ಕೂತು, ಎದ್ದು ನೋಡಿ. ಅದರಲ್ಲಿ ನಾಚಿಕೆ ಬೇಡ.

ಪೂರ್ತಿ ಕಮೋಡ್ ಹಾಕಿಸುವುದು ಸೊಂಟಕ್ಕೆ ಎಲ್ಲಕ್ಕಿಂತ ಹಿತ. ದುಡ್ಡು ಜಾಸ್ತಿ, ನೀರಿನ ಪೈಪು ಬೇಕು, ಹಳೆಯ ಗುಂಡಿಗೆ ಜೋಡಿಸಬೇಕು. ಹೇಗೂ ಹಾಕಿಸುವುದಾದರೆ ಹಿತ್ತಿಲಲ್ಲಿ ಬೇಡ, ಮಲಗುವ ಕೋಣೆಗೆ ಹತ್ತಿರದ ಬಚ್ಚಲಿನಲ್ಲಿ ಹಾಕಿಸಿ. ಎತ್ತರ ನೋಡಿಕೊಳ್ಳಿ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಹೋಗಬಾರದು. ಆದರೆ ಹೊಟ್ಟೆಗೆ ಇಲ್ಲಿ ಸ್ವಲ್ಪ ನಷ್ಟ ಇದೆ: ಕರುಳಿನ ತಿರುವು ಪೂರ್ತಿ ನೇರವಾಗುವುದಿಲ್ಲ.

ಆ ನಷ್ಟ ತುಂಬಲು ಕಾಲ ಕೆಳಗೆ ಎತ್ತರದ ಮಣೆ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಸೊಂಟ ಚೆನ್ನಾಗಿರುವವರಿಗೆ ಅದು ನಿಜಕ್ಕೂ ಒಳ್ಳೆಯ ಉಪಾಯ. ನನ್ನಂಥವರಿಗೆ ಹಾಗಲ್ಲ. ಏಳೆಂಟು ಇಂಚಿನ ಮಣೆ ಇಟ್ಟರೆ ಮಂಡಿ ಮೇಲೇರಿ ಮತ್ತೆ ಅದೇ ಕುಕ್ಕರುಗಾಲು. ನನಗೆ ಒಗ್ಗಿದ್ದು ಮೂರು ಇಂಚಿನ ಹಲಗೆ. ಮಂಡಿಗಳನ್ನು ಅಗಲಿಸಿ, ಪಾದಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಕೂತರೆ ತೊಡೆಸಂದಿನಲ್ಲಿ ಒತ್ತುವುದು ಕಡಿಮೆ. ಬಾಯಿ ತೆರೆದು ನಿಧಾನಕ್ಕೆ ಉಸಿರು ಬಿಡುತ್ತಾ ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸಬೇಕು. ಉಸಿರು ಕಟ್ಟಿ ತಿಣುಕಬಾರದು. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ, ಆಮೇಲೆ ಮತ್ತೆ ಹೋಗಿ. ಹರ್ನಿಯಾ ಇರುವವರಿಗಂತೂ ತಿಣುಕುವುದು ಬೇಡವೇ ಬೇಡ.

ಸೊಂಟದ ಕೀಲು ಬದಲಿಸಿಕೊಂಡವರು ನಿಮ್ಮ ಸರ್ಜನ್ ಹೇಳಿದ ಎತ್ತರವನ್ನೇ ಪಾಲಿಸಿ. ನಿಮಗೆ ಹಲಗೆಯೂ ಬೇಡ, ತಗ್ಗಾದ ಕಮೋಡೂ ಬೇಡ.

ತುಂಬಾ ವಯಸ್ಸಾದವರಿಗೆ ಮಳೆಗಾಲಕ್ಕೆಂದು ಪಾತ್ರೆ ಇರುವ ಕುರ್ಚಿಯನ್ನು ಕೋಣೆಯಲ್ಲೇ ಇಡುವುದು ಇನ್ನೊಂದು ದಾರಿ. ತೊಳೆಯುವವರು ಬೇಕು. ಕೆಲವರಿಗೆ ಇದರಿಂದ ಮನಸ್ಸಿಗೆ ತುಂಬಾ ನೋವಾಗುತ್ತದೆ. ನಮ್ಮ ಅತ್ತೆ ಮೊದಲ ವಾರ ಅತ್ತೇಬಿಟ್ಟಿದ್ದರು. ರಾತ್ರಿ ಮಾತ್ರ, ಬಾಗಿಲು ಹಾಕಿಕೊಂಡು, ಅವರೇ ಹೇಳಿದ ಮೂಲೆಯಲ್ಲಿ ಎಂದು ಒಪ್ಪಿಸಿದೆವು. ಆ ವರ್ಷ ಅವರು ಎಲ್ಲೂ ಬೀಳಲಿಲ್ಲ.

ಹೊಟ್ಟೆಗೆ ಏನು: ಊಟ, ನಾರು, ಸಿರಪ್, ಮಾತ್ರೆ

ಊಟದಿಂದಲೇ ಶುರು ಮಾಡೋಣ. ಮಲೆನಾಡಿನ ಹಿತ್ತಿಲಿನಲ್ಲಿ ನಾರಿಗೆ ಬರವಿಲ್ಲ. ಬಾಳೆದಿಂಡಿನ ಪಲ್ಯ, ಬಾಳೆಹೂವು, ಬಸಳೆ, ಹರಿವೆ, ಎಳೆ ಹಲಸಿನಕಾಯಿ, ಮಳೆಗಾಲದ ಕಳಲೆ, ಪಪ್ಪಾಯಿ, ಪೇರಲೆ, ಎಲ್ಲವೂ ಇವೆ. ಆದರೆ ಬೆಳಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ಕಡುಬು, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಮತ್ತೆ ಅನ್ನ ಎಂದಾದರೆ ದಿನಕ್ಕೆ ಬೇಕಾದ 25ರಿಂದ 30 ಗ್ರಾಂ ನಾರು ಎಲ್ಲಿಂದ ಬರಬೇಕು? ಪಲ್ಯವನ್ನು ನಾವು ಉಪ್ಪಿನಕಾಯಿಯ ಹಾಗೆ ಎಲೆಯ ತುದಿಯಲ್ಲಿ ಬಡಿಸಿಕೊಳ್ಳುತ್ತೇವೆ. ಅದು ಅನ್ನದಷ್ಟೇ ಇರಬೇಕು. ಒಂದೇ ದಿನದಲ್ಲಿ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ.

ಬೆಳಗಿನ ತಿಂಡಿಯಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಕಾಫಿ, ತಿಂಡಿಯಾಗಿ ಅರ್ಧ ಗಂಟೆಯೊಳಗೆ ಹೋಗಿ ಕೂರುವ ರೂಢಿ ಮಾಡಿಕೊಳ್ಳಿ. ಅಡಿಕೆ ಸುಲಿಯುವ ಕಾಲದಲ್ಲಿ ಆ ಹೊತ್ತಿಗೇ ಮೆಟ್ಟುಗತ್ತಿಯ ಮುಂದೆ ಕೂರುವ ಅವಸರ ಇರುತ್ತದೆ. ಅದನ್ನು ಅರ್ಧ ಗಂಟೆ ತಡಮಾಡಿ. ಹೀಗೆ ತಡೆದು ತಡೆದು ಕರುಳು ಕರೆಯುವುದನ್ನೇ ನಿಲ್ಲಿಸಿಬಿಡುತ್ತದೆ.

ಊಟದಿಂದ ಸಾಲದಿದ್ದರೆ ಇಸಬ್ಗೋಲ್. ಅಗ್ಗ, ದಿನಾ ತೆಗೆದುಕೊಳ್ಳಬಹುದು, ಸೊಂಟಕ್ಕೆ ಏನೂ ತೊಂದರೆಯಿಲ್ಲ. ಒಂದು ಷರತ್ತು ಮಾತ್ರ: ದೊಡ್ಡ ಲೋಟ ತುಂಬಾ ನೀರು. ನೀರಿಲ್ಲದೆ ನುಂಗಿದರೆ ಅದೇ ಗಟ್ಟಿಯಾಗಿ ದಾರಿಗೆ ಅಡ್ಡ ನಿಲ್ಲಬಹುದು. ಮೈ ನಡುಗುವ ಮಳೆಯಲ್ಲಿ ನೀರು ಕುಡಿಯಲು ಮನಸ್ಸು ಬರುವುದಿಲ್ಲ ಅಲ್ವಾ, ಬಿಸಿನೀರಿನಲ್ಲೇ ಕಲಸಿ ತಕ್ಷಣ ಕುಡಿಯಿರಿ. ಫಲ ಕಾಣಲು ಎರಡು ಮೂರು ದಿನ ಬೇಕು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಂತೂ ಇನ್ನೂ ಎಚ್ಚರವಾಗಿರಿ. ಈಗಾಗಲೇ ಮಲ ಕಲ್ಲಾಗಿ ನಿಂತಿದ್ದರೆ ಇಸಬ್ಗೋಲ್ ಆ ಹೊತ್ತಿನ ಮದ್ದಲ್ಲ.

ಲ್ಯಾಕ್ಟುಲೋಸ್ ಸಿರಪ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಇವೆರಡೂ ಕರುಳಿನೊಳಗೆ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತವೆ. ಸಿರಪ್ ಸಿಹಿ, ಎಲ್ಲಾ ಕಡೆ ಸಿಗುತ್ತದೆ, ಒಂದೆರಡು ದಿನದಲ್ಲಿ ಕೆಲಸ ಮಾಡುತ್ತದೆ, ಆದರೆ ಗ್ಯಾಸ್ ಜಾಸ್ತಿ. ಪುಡಿಯಲ್ಲಿ ಗ್ಯಾಸ್ ಕಡಿಮೆ, ಬೆಲೆ ಸ್ವಲ್ಪ ಹೆಚ್ಚು. ಸಕ್ಕರೆ ಕಾಯಿಲೆಯವರು ಸಿರಪ್ಪಿಗೆ ಮೊದಲು ವೈದ್ಯರನ್ನು ಕೇಳಿ. ಕಿಡ್ನಿ, ಹೃದಯದ ತೊಂದರೆ ಇರುವವರು ಎರಡಕ್ಕೂ ಕೇಳಿ.

ಬಿಸಾಕೋಡಿಲ್ ಮಾತ್ರೆ, ಸೋನಾಮುಖಿ, ಇವು ಕರುಳನ್ನು ತಳ್ಳಿ ಓಡಿಸುವಂಥವು. ರಾತ್ರಿ ತೆಗೆದುಕೊಂಡರೆ ಆರರಿಂದ ಹನ್ನೆರಡು ಗಂಟೆಯೊಳಗೆ ಆಗುತ್ತದೆ. ಮೂರ್ನಾಲ್ಕು ದಿನ ಕಟ್ಟಿದಾಗ ಬೇಗ ಬಿಡುಗಡೆ ಕೊಡುತ್ತವೆ. ಆದರೆ ನನ್ನ ಐದನೇ ಪ್ರಶ್ನೆ ಕೇಳಿ ನೋಡಿ. ರಾತ್ರಿ ಎಂಟಕ್ಕೆ ನುಂಗಿದ ಮಾತ್ರೆ ಬೆಳಗಿನ ಜಾವ ನಾಲ್ಕಕ್ಕೆ ಹೊಟ್ಟೆ ನುಲಿಸಿ ಎಬ್ಬಿಸುತ್ತದೆ. ಆಗ ಕುಂಟುವ ಕಾಲಿನವರು ಹಿತ್ತಿಲಿನವರೆಗೆ ಓಡಬಲ್ಲರೇ? ಅದೇ ಕಾರಣಕ್ಕೆ, ಕಕ್ಕಸು ದೂರ ಇರುವವರಿಗೆ ದಿನಾ ಮೆತ್ತಗೆ ಕೆಲಸ ಮಾಡುವ ಸಿರಪ್ ಅಥವಾ ಪುಡಿಯನ್ನೇ ಆರಿಸಿ ಎನ್ನುತ್ತೇನೆ. ಬಿಸಾಕೋಡಿಲ್ ಬೇಕೇ ಬೇಕು ಎಂದಾದರೆ ಮಲಗುವ ಹೊತ್ತಿಗೆ, ತುಸು ತಡವಾಗಿ ತೆಗೆದುಕೊಳ್ಳಿ.

ತ್ರಿಫಲ ಚೂರ್ಣ ನಮ್ಮ ಮನೆಗಳಿಗೆ ಹೊಸದಲ್ಲ. ನೆಲ್ಲಿ, ಅಳಲೆ, ತಾರೆ ಮೂರೇ ಇದ್ದರೆ ಹಲವರಿಗೆ ಸೌಮ್ಯವಾಗಿ ಕೆಲಸ ಮಾಡುತ್ತದೆ. ಮಾರುಕಟ್ಟೆಯ ಎಷ್ಟೋ ಚೂರ್ಣಗಳಲ್ಲಿ ಸೋನಾಮುಖಿ ಬೆರೆತಿರುತ್ತದೆ. ಡಬ್ಬಿಯ ಹಿಂದೆ ಓದಿ. ಹಸಿರು ಬಣ್ಣದ ಡಬ್ಬಿ, ಎಲೆಯ ಚಿತ್ರ ಇದ್ದ ಮಾತ್ರಕ್ಕೆ ದಿನಾ ತಿನ್ನಬಹುದು ಎಂದಲ್ಲ. ಹರಳೆಣ್ಣೆಯನ್ನು ಅಜ್ಜಿಯಂದಿರು ವರ್ಷಕ್ಕೊಮ್ಮೆ ಕೊಡುತ್ತಿದ್ದರು. ಅದು ಹೊಟ್ಟೆ ಹಿಂಡಿಬಿಡುತ್ತದೆ. ಬಸುರಿಯರಿಗೆ ಬೇಡ, ಹರ್ನಿಯಾ ಅನುಮಾನ ಇರುವವರಿಗೂ ಬೇಡ, ದಿನಬಳಕೆಗಂತೂ ಬೇಡ.

ಇನ್ನೊಂದು ಕೆಲಸ ಇವತ್ತೇ ಮಾಡಿ. ನೀವು ತಿನ್ನುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ. ರಕ್ತ ಹೆಚ್ಚಲು ಕೊಟ್ಟ ಕಬ್ಬಿಣದ ಮಾತ್ರೆ, ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ, ಕೆಲವು ಬಿಪಿ ಮಾತ್ರೆ, ನರಕ್ಕೆಂದು ಕೊಡುವ ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಇವೆಲ್ಲ ಮಲ ಕಟ್ಟಿಸಬಲ್ಲವು. ಸುಮ್ನೆ ನಿಲ್ಲಿಸಬೇಡಿ. ಪಟ್ಟಿ ಮಾಡಿ ವೈದ್ಯರ ಮುಂದಿಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲವೆಂದರೆ ಅದನ್ನೂ ಕೇಳಿ. ಥೈರಾಯ್ಡ್ ಕಡಿಮೆಯಾದರೂ ಮಲಬದ್ಧತೆ ಬರುತ್ತದೆ, ಮೈಕೈ ನೋವೂ ಬರುತ್ತದೆ.

ನೋವಿನ ಮಾತ್ರೆ ಆರಿಸುವಾಗ

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಾಲ್ಕು ವರ್ಷದ ಹಿಂದೆ ನೋವು ತಡೆಯಲಾರದೆ ಹೋದಾಗ ಒಂದು ಕಡೆ ಟ್ರಮಡಾಲ್ ಇರುವ ಮಾತ್ರೆ ಬರೆದುಕೊಟ್ಟರು. ಹೊಟ್ಟೆಯ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ದಿನ ಸ್ವರ್ಗ. ಐದನೇ ದಿನ ಹೊಟ್ಟೆ ಕಲ್ಲಾಗಿ, ತಿಣುಕಿ ತಿಣುಕಿ ತೊಡೆಸಂದಿನ ನೋವು ಮೊದಲಿಗಿಂತ ಎರಡರಷ್ಟಾಗಿತ್ತು. ಕೊನೆಗೆ ಎನಿಮಾ ಕೊಡಿಸಬೇಕಾಯಿತು.

ಟ್ರಮಡಾಲ್, ಕೋಡೀನ್ ಜಾತಿಯ ಮಾತ್ರೆಗಳು ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತವೆ. ನಿದ್ದೆ, ತಲೆಸುತ್ತು ಬೇರೆ. ಇಳಿಜಾರಿನ ಅಂಗಳದಲ್ಲಿ ತಲೆಸುತ್ತು ಒಳ್ಳೆಯದಲ್ಲ. ಅವು ಬೇಕಾಗುವ ಸಂದರ್ಭ ಇದೆ, ನಿಜ. ಬರೆದುಕೊಟ್ಟರೆ ಒಂದೇ ಮಾತು ಕೇಳಿ: ಹೊಟ್ಟೆಗೂ ಇವತ್ತಿನಿಂದಲೇ ಏನಾದರೂ ಕೊಡಿ. ಕಟ್ಟಿದ ಮೇಲೆ ಕೇಳಿದರೆ ತಡವಾಯಿತು. ಇದಕ್ಕೆ ಇಸಬ್ಗೋಲ್ ಸಾಲುವುದಿಲ್ಲ, ಮೆತ್ತಗೆ ಮಾಡುವಂಥದ್ದು, ತಳ್ಳುವಂಥದ್ದು ಬೇಕಾಗುತ್ತದೆ.

ಪ್ಯಾರಾಸಿಟಮಾಲ್ ಹೊಟ್ಟೆಯನ್ನು ಅಷ್ಟಾಗಿ ಕಟ್ಟಿಸುವುದಿಲ್ಲ, ಅಗ್ಗ. ಸವೆದ ಕೀಲಿಗೆ ಅದರ ಬಲ ಸಾಧಾರಣ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಲೇಬಾರದು. 650ರ ಮಾತ್ರೆ ಆರು ಗಂಟೆಗೊಂದರಂತೆ ನಾಲ್ಕಕ್ಕೆ ನಿಲ್ಲಿಸಿದರೆ ಆ ಭಯವಿಲ್ಲ. ಶೀತಜ್ವರದ ಮಾತ್ರೆಗಳಲ್ಲೂ ಇದೇ ಇರುತ್ತದೆ, ಲೆಕ್ಕ ತಪ್ಪಬೇಡಿ. ಲಿವರ್ ತೊಂದರೆ ಇರುವವರು, ಕುಡಿಯುವ ಅಭ್ಯಾಸ ಇರುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೇನ್ ಕೀಲಿನ ನೋವಿಗೆ ಚೆನ್ನಾಗಿ ಹತ್ತುತ್ತವೆ. ನಾಟಿ ಕಾಲದಲ್ಲಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ತಿನ್ನುವವರು ನಮ್ಮಲ್ಲಿ ಬಹಳ ಜನ. ಹೊಟ್ಟೆಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರುವುದು, ಈ ಮೂರು ಅಪಾಯ ಸಣ್ಣವಲ್ಲ. ವಾರದ ಲೆಕ್ಕದಲ್ಲಿ, ಊಟದ ಮೇಲೆ, ವೈದ್ಯರು ಹೇಳಿದಷ್ಟು ಮಾತ್ರ. ಮಲ ಟಾರಿನ ಹಾಗೆ ಕಪ್ಪಾದರೆ ನಿಲ್ಲಿಸಿ ಓಡಿ.

ಹಚ್ಚುವ ಮುಲಾಮು ಮಂಡಿಗೆ ಸಹಾಯ ಮಾಡಿದಷ್ಟು ಸೊಂಟಕ್ಕೆ ಮಾಡುವುದಿಲ್ಲ, ಆ ಕೀಲು ಅಷ್ಟು ಆಳದಲ್ಲಿದೆ. ಬಿಸಿನೀರಿನ ಚೀಲ ಮಾತ್ರ ನನಗೆ ಎರಡು ಕಡೆಗೂ ಆಗಿಬಂದದ್ದು. ಸುತ್ತಲಿನ ಸ್ನಾಯು ಸಡಿಲವಾಗುತ್ತದೆ, ಹೊಟ್ಟೆಗೂ ಹಿತ.

ನಡಿಗೆ, ವ್ಯಾಯಾಮ, ಯೋಗ

ಮಲಬದ್ಧತೆಗೆಂದು ಹೇಳಿಕೊಡುವ ಆಸನಗಳಲ್ಲಿ ಹಲವು ಮಂಡಿಯನ್ನು ಎದೆಗೆ ಒತ್ತುವಂಥವು. ಪವನಮುಕ್ತಾಸನ, ಮಾಲಾಸನ ಎರಡೂ ಹಾಗೆಯೇ. ತೊಡೆಸಂದಿನಲ್ಲಿ ಚುಚ್ಚುವವರು ಅವನ್ನು ಬಿಡಿ, ಗುರುಗಳಿಗೂ ಬಿಡಿಸಿ ಹೇಳಿ. ಅದರ ಬದಲು ಅಂಗಾತ ಮಲಗಿ ಹೊಟ್ಟೆ ನೀವಿಕೊಳ್ಳಿ: ಬಲ ಕೆಳಹೊಟ್ಟೆಯಿಂದ ಮೇಲಕ್ಕೆ, ಅಡ್ಡಕ್ಕೆ, ಎಡಗಡೆ ಕೆಳಕ್ಕೆ. ದೊಡ್ಡ ಕರುಳು ಹೋಗುವ ದಾರಿ ಅದೇ.

ನಡಿಗೆ ಎರಡಕ್ಕೂ ಒಳ್ಳೆಯದು, ಆದರೆ ಸಮತಟ್ಟಾದ ಜಾಗ ಬೇಕು. ಮಳೆಗಾಲದಲ್ಲಿ ಉದ್ದನೆಯ ಜಗಲಿಯೇ ಸಾಕು, ಹತ್ತು ಹತ್ತು ನಿಮಿಷ ದಿನಕ್ಕೆ ಮೂರು ಸಲ. ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ತುಂಬಾ ಜನ ತಿರುವುಮುರುವು ಹಿಡಿಯುತ್ತಾರೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮಾತ್ರೆಗಿಂತ ಮೊದಲು ಫಿಸಿಯೋಥೆರಪಿಗೆ ಖರ್ಚು ಮಾಡಿ. ನಾಲ್ಕೈದು ಸಲ ಹೋಗಿ ಸರಿಯಾಗಿ ಕಲಿತು ಬಂದರೆ ಮನೆಯಲ್ಲೇ ಮುಂದುವರಿಸಬಹುದು. ತಳದ ಸ್ನಾಯು ಬಿಗಿಯಾಗಿರುವವರಿಗೆ ಬಲಪಡಿಸುವ ವ್ಯಾಯಾಮ ಬೇಡ, ಸಡಿಲಿಸುವುದನ್ನು ಕಲಿಸಿ ಎಂದು ಬಾಯಿಬಿಟ್ಟು ಕೇಳಬೇಕು.

ಮೊದಲು ಯಾರ ಹತ್ತಿರ ಹೋಗಬೇಕು

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ ಹತ್ತಿರ, ಖರ್ಚಿಲ್ಲ. ಹರ್ನಿಯಾ ಇದೆಯೇ ಎಂದು ಕೈಯಿಂದಲೇ ನೋಡಿ ಹೇಳುತ್ತಾರೆ, ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಲಕ್ಷಣ ಇನ್ನೂ ಗೊಂದಲವಾಗಿರುವವರಿಗೆ ಇದೇ ಸರಿಯಾದ ಮೊದಲ ಮೆಟ್ಟಿಲು.

ಕಾಲು ತಿರುಗಿಸಿದಾಗ ಚುಚ್ಚುವುದು ಖಚಿತವಾಗಿದ್ದರೆ ನೇರವಾಗಿ ಶಿವಮೊಗ್ಗಕ್ಕೆ ಮೂಳೆ ವೈದ್ಯರ ಹತ್ತಿರ ಹೋಗಿ. ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್. ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂಳೆ, ಸರ್ಜರಿ, ಮೆಡಿಸಿನ್ ಮೂರೂ ವಿಭಾಗ ಒಂದೇ ಆವರಣದಲ್ಲಿರುವುದು ನಮ್ಮಂಥ ಎರಡು ತೊಂದರೆಯವರಿಗೆ ಅನುಕೂಲ. ಜನಸಂದಣಿ ಇರುತ್ತದೆ, ಬೆಳಗಿನ ಬಸ್ಸಿಗೇ ಹೊರಡಬೇಕು. ಖಾಸಗಿಯಲ್ಲಿ ಕಾಯುವುದು ಕಡಿಮೆ, ಖರ್ಚು ಜಾಸ್ತಿ, ಮೂಳೆಯವರು ಒಂದು ಕಡೆ, ಹೊಟ್ಟೆಯವರು ಇನ್ನೊಂದು ಕಡೆ ಇರಬಹುದು. ಎಲ್ಲಿ ಹೋದರೂ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಮೂಳೆ ಡಾಕ್ಟರ ಮುಂದೆ ಹೊಟ್ಟೆಯ ವಿಷಯ ಯಾಕೆ ಎಂದು ಸುಮ್ಮನಿದ್ದುದಕ್ಕೇ ನನಗೆ ಆ ಎನಿಮಾ ಬಂದದ್ದು.

ಎಕ್ಸರೇ ಅಗ್ಗ, ಸವೆತವನ್ನು ತೋರಿಸುತ್ತದೆ. ಸ್ಟಿರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ತಿಂದವರಿಗೆ, ತುಂಬಾ ಕುಡಿಯುವವರಿಗೆ ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಮೂಳೆ ಸಾಯುವ ಕಾಯಿಲೆ ಬರಬಹುದು. ಅದು ಶುರುವಿನಲ್ಲಿ ಎಕ್ಸರೇಯಲ್ಲಿ ಕಾಣದೆ ಎಂಆರ್‌ಐನಲ್ಲಿ ಮಾತ್ರ ಕಾಣಬಹುದು. ಅಂಥವರು ಎಂಆರ್‌ಐಗೆ ದುಡ್ಡು ಹೊಂದಿಸುವುದು ಸಾರ್ಥಕ. ಉಳಿದವರು ಮೊದಲ ದಿನವೇ ಅದರ ಹಿಂದೆ ಬೀಳಬೇಕಾಗಿಲ್ಲ. ಮಾಮೂಲಿ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೇಳಿದರೆ ತಿಂಗಳ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ.

ಆಪರೇಷನ್ ಮಾತು ಬಂದಾಗ

ಹರ್ನಿಯಾ ಆದರೆ ಆಪರೇಷನ್‌ಗೆ ಮೊದಲು ಮಲಬದ್ಧತೆ ಹತೋಟಿಗೆ ಬರಲಿ. ಹೊಲಿದ ಜಾಗದ ಮೇಲೆ ಮತ್ತೆ ತಿಣುಕಿದರೆ ಉಬ್ಬು ಮರಳಿ ಬರುವ ಅಪಾಯ ಇದೆ. ಸೊಂಟದ ಕೀಲು ಬದಲಿಸುವುದನ್ನು ರಾತ್ರಿ ನಿದ್ದೆ ಕೆಟ್ಟಾಗ, ಮನೆಯೊಳಗಿನ ಓಡಾಟಕ್ಕೇ ಕಷ್ಟವಾದಾಗ ಯೋಚಿಸಬೇಕು. ಎಕ್ಸರೇ ಕೆಟ್ಟದಾಗಿ ಕಂಡ ಮಾತ್ರಕ್ಕೆ ಅವಸರ ಬೇಡ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ನಿಮ್ಮ ಆಪರೇಷನ್ ಅದರಲ್ಲಿ ಎಲ್ಲಿ, ಹೇಗೆ ಸೇರುತ್ತದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಗೆಂದೇ ಇರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಒಪ್ಪಿಗೆ ಪತ್ರದ ಓಡಾಟ ಹಿಂದಿನಿಂದ ಮಾಡುವುದು ಕಷ್ಟ.

ನನ್ನ ಕೀಲು ಬದಲಿಸುವ ದಿನ ಗೊತ್ತಾಗಿರುವುದು ಫೆಬ್ರವರಿಗೆ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಮಳೆಗೆ ಇನ್ನೂ ನಾಲ್ಕು ತಿಂಗಳು ಇರುತ್ತದೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ನೋವಿನ ಔಷಧಿ, ಮಲಗಿಯೇ ಇರುವುದು ಎರಡೂ ಸೇರಿ ಹೊಟ್ಟೆ ಕಟ್ಟುವುದು ಹೆಚ್ಚುಕಡಿಮೆ ಖಂಡಿತ. ಮಲ ಮೆತ್ತಗೆ ಮಾಡುವ ಪುಡಿಯ ಡಬ್ಬಿ ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಈಗಲೇ ಇದೆ, ಯಾವ ದಿನದಿಂದ ಶುರು ಮಾಡಬೇಕು ಎಂದು ಸರ್ಜನ್ ಅವರನ್ನು ಕೇಳಿ ಡಬ್ಬಿಯ ಮೇಲೇ ಬರೆದುಕೊಂಡಿದ್ದೇನೆ. ಬಚ್ಚಲಿನ ಕಮೋಡಿಗೆ ಎತ್ತರದ ಸೀಟು ಬಂದಿದೆ. ಗೋಡೆಯ ಹಿಡಿಯನ್ನು ಗಾರೆಯವರು ಬಲಗಡೆ ಹಾಕಿದ್ದರು. ನನಗೆ ಬಲವಿರುವುದು ಎಡಗೈಯಲ್ಲಿ, ಎಡಗಡೆಗೂ ಒಂದು ಹಾಕಿಸಿದೆ.